ಕಾರ್ಡ್ ಐತಿ, ಪಟ್ಟ್ಯಾಗ ಹೆಸರು ಐತೇನು?

ಪ್ರತಿ ಚುನಾವಣೆಗೂ ಒಂದು ವಾಟ್ಸಾಪ್ ಮೆಸೇಜು ತಪ್ಪದೆ ಓಡಾಡುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಚಿಂತೆ ಬೇಡ, ಆಧಾರ್ ತೋರಿಸಿ ಸೆಕ್ಷನ್ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಿ ಅಂತ. ಬೂತಿನಲ್ಲಿ ಶೇ. 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಮರುಮತದಾನ ಆಗುತ್ತದೆ ಅಂತಲೂ ಅದರಲ್ಲಿ ಇರುತ್ತದೆ. ಎರಡೂ ಸುಳ್ಳು. 1961ರ ಚುನಾವಣಾ ನಿಯಮಗಳಲ್ಲಿ 49ಎ ಇರುವುದು ನಿಜ. ಅದರಲ್ಲಿ ಬರೆದಿರುವುದು ಮತಯಂತ್ರ ಹೇಗಿರಬೇಕು ಅಂತ! ಕಂಟ್ರೋಲ್ ಯೂನಿಟ್, ಬ್ಯಾಲೆಟ್ ಯೂನಿಟ್, ಅಷ್ಟೇ. ಯಂತ್ರದ ನಿಯಮ ಹಿಡಿದುಕೊಂಡು ಸಾಲಿ ಬಾಗಿಲಲ್ಲಿ ಪೊಲೀಸರ ಜೊತೆ ಜಗಳಾಡಿದವರು ಮತದಾನ ಮುಗಿದ ಮೇಲೆ ವಿಜಯಪುರದ ನನ್ನ ವಕೀಲಿ ಆಫೀಸಿಗೆ ಬರುತ್ತಾರೆ.

“ಕಾರ್ಡ್ ಐತ್ರಿ ಸರ, ಆಧಾರ್ ಐತಿ, ರೇಷನ್ ಕಾರ್ಡ್ ಐತಿ. ಹುಟ್ಟಿದ್ದು ಇದ ಊರಾಗ. ಓಟ್ ಯಾಕ ಹಾಕಗೊಡಲಿಲ್ಲ? ಕೇಸ್ ಹಾಕ್ರಿ.”

ಯಾರ ಮೇಲೆ ಹಾಕಲಿ?

ಕಾರ್ಡು ಬೇರೆ, ಪಟ್ಟಿ ಬೇರೆ. ಎಷ್ಟು ಸಲ ಹೇಳಿದರೂ ಇದೊಂದು ಮಾತು ಜನರ ತಲೆಗೆ ಹೋಗುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಕಲಂ ಪ್ರಕಾರ ಓಟು ಇರುವುದು ಆ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಕಾರ್ಡು ‘ಆ ಹೆಸರಿನವನು ನಾನೇ’ ಅಂತ ತೋರಿಸಲಿಕ್ಕೆ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದಿದ್ದರೆ ಆಧಾರ್, ಪಾನ್, ಲೈಸೆನ್ಸ್, ಪಾಸ್‌ಪೋರ್ಟ್, ಉದ್ಯೋಗ ಖಾತ್ರಿ ಕಾರ್ಡು, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹಳೆ ಊರಿನ ಕ್ಷೇತ್ರದ ಕಾರ್ಡೂ ನಡೆಯುತ್ತದೆ, ಹೆಸರು ಈಗಿನ ಪಟ್ಟಿಯಲ್ಲಿದ್ದರೆ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಇವೆಲ್ಲವನ್ನೂ ಮೇಜಿನ ಮೇಲೆ ಹರವಿದರೂ ಓಟಿಲ್ಲ. ಮನೆಗೆ ತಂದುಕೊಡುವ ಓಟಿನ ಚೀಟಿಯನ್ನೇ ಗುರುತು ಅಂತ ತೋರಿಸುವವರೂ ಇದ್ದಾರೆ. 2019ರಿಂದ ಆ ಚೀಟಿಯೊಂದೇ ಸಾಲದು.

ಹಾಗಾದರೆ ಚಾಲೆಂಜ್ ಅಂದರೆ? ಅದನ್ನು ಹಾಕುವವರು ನೀವಲ್ಲ. ‘ಇವ ಆ ಮನುಷ್ಯ ಅಲ್ಲ’ ಅಂತ ನಿಮ್ಮ ಮೇಲೆ ಪಾರ್ಟಿ ಏಜೆಂಟ್ ಹಾಕುವುದು. ಅದಕ್ಕೆ ಅವನು ಎರಡು ರೂಪಾಯಿ ಕಟ್ಟಬೇಕು. ಹೌದು, ಇವತ್ತಿಗೂ ಎರಡೇ ರೂಪಾಯಿ. ಮತಗಟ್ಟೆ ಅಧಿಕಾರಿ ಅಲ್ಲೇ ವಿಚಾರಿಸುತ್ತಾರೆ. ಏಜೆಂಟನ ತಕರಾರು ಸಾಬೀತಾಗದಿದ್ದರೆ ನೀವು ಓಟು ಹಾಕುತ್ತೀರಿ. ಟೆಂಡರ್ ವೋಟು ಇನ್ನೊಂದು ಸಂಗತಿ. ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಆದರೆ ನೀವು ಹೋಗುವಷ್ಟರಲ್ಲಿ ಯಾರೋ ನಿಮ್ಮ ಹೆಸರಿನಲ್ಲಿ ಒತ್ತಿ ಹೋಗಿದ್ದಾರೆ. ಆಗ 49ಪಿ ನಿಯಮದಂತೆ ಸಹಿ ಮಾಡಿಸಿಕೊಂಡು ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ, ಯಂತ್ರದ ಹತ್ತಿರ ಬಿಡುವುದಿಲ್ಲ. ಅದು ಬೇರೆ ಲಕೋಟೆಗೆ ಹೋಗುತ್ತದೆ, ಎಣಿಕೆಯ ದಿನ ಎಣಿಸುವುದಿಲ್ಲ. ಇಷ್ಟು ಹೇಳಿದರೆ “ಮತ್ತ್ಯಾಕ್ರಿ ಅದು?” ಅನ್ನುತ್ತಾರೆ. ಮುಂದೆ ಗೆಲುವಿನ ಮೇಲೆ ತಕರಾರು ಬಂದರೆ ಕೋರ್ಟಿನ ಮುಂದೆ ಇಡಲಿಕ್ಕೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಒಂದೇ ಒಂದು ಓಟಿನಿಂದ ಸೋತಾಗ ಇಂಥ ಲಕೋಟೆಗಳ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಒಂದು ಓಟು ಅಂದರೆ ನಗಬೇಡಿ. ನಮ್ಮದರಲ್ಲಿ ಗೆಲ್ಲಲಿಕ್ಕೆ ಅರ್ಧಕ್ಕಿಂತ ಜಾಸ್ತಿ ಓಟು ಬೇಕಿಲ್ಲ, ಎರಡನೆಯವನಿಗಿಂತ ಒಂದು ಜಾಸ್ತಿ ಇದ್ದರೆ ಸಾಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751. ಸಮ ಸಮ ಬಂದರೆ ಚೀಟಿ ಎತ್ತುವುದೇ.

ಓಟು ಹಾಕುವವರಿಗಷ್ಟೇ ಅಲ್ಲ, ನಿಲ್ಲುವವರಿಗೂ ಪಟ್ಟಿಯೇ ಆಧಾರ. 1996ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲಿ 456 ಮಂದಿ ಕಣದಲ್ಲಿದ್ದರು. ಗಡಿ ವಿಚಾರದ ಪ್ರತಿಭಟನೆ ಅದು. ಆಗ ಠೇವಣಿ ಬರೀ 500 ರೂಪಾಯಿ ಇತ್ತು, ಅದೇ ವರ್ಷ 10,000ಕ್ಕೆ ಏರಿಸಿದರು, ಈಗ 25,000. ಆ 456 ಮಂದಿಯೂ ದೇಶದ ಯಾವುದೋ ಒಂದು ಕ್ಷೇತ್ರದ ಪಟ್ಟಿಯಲ್ಲಿ ಇರಲೇಬೇಕಿತ್ತು. ಬೇರೆ ಕ್ಷೇತ್ರದ ಮತದಾರ ಇಲ್ಲಿ ನಾಮಪತ್ರ ಹಾಕಬೇಕಾದರೆ ಪಟ್ಟಿಯ ದೃಢೀಕರಿಸಿದ ನಕಲು ತರಬೇಕು. ಅವನ ಕಾರ್ಡನ್ನು ಯಾರೂ ಕೇಳುವುದಿಲ್ಲ.

ಇನ್ನು ಹೆಸರು ಹೋಗುವುದು ಹೇಗೆ? ನಮ್ಮ ಕಡೆ ದೊಡ್ಡ ಕಾರಣ ಗುಳೆ. ದಸರಾ ಮುಗಿದರೆ ತಾಂಡಾಗಳಿಂದ ಗೋವಾಕ್ಕೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಸಂಸಾರ ಸಮೇತ ಹೋಗುತ್ತಾರೆ. ಬಿಎಲ್‌ಒ, ಅಂದರೆ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಬಂದಾಗ ಬಾಗಿಲಿಗೆ ಕೀಲಿ. ಪಕ್ಕದ ಮನೆಯವರು “ಅವ್ರು ಇಲ್ರಿ, ಹ್ವಾದ್ರು” ಅನ್ನುತ್ತಾರೆ. ಆ ಒಂದು ಮಾತಿಗೆ ಐದಾರು ಹೆಸರು ಹೋಗಿರುವುದನ್ನು ನೋಡಿದ್ದೇನೆ. ಕಾನೂನು ಇವರ ಪರವಾಗಿಯೇ ಇದೆ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸ ಹೋಗುವುದಿಲ್ಲ ಅಂತ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮಿನಲ್ಲೇ ಇದೆ. ಊರು ಬಿಟ್ಟಿದ್ದಾರೆ ಅಂತ ಹೆಸರು ತೆಗೆಯುವ ಮೊದಲು ನಿಮ್ಮ ಮಾತು ಕೇಳಬೇಕು ಅಂತ 22ರಲ್ಲಿದೆ. ಆದರೆ ನೋಟಿಸು ಬಂದು ಬೀಳುವುದು ಅದೇ ಕೀಲಿ ಹಾಕಿದ ಬಾಗಿಲಿಗೆ.

ಅದೇ 20ನೇ ಕಲಂ ಪೇಟೆಯವರಿಗೆ ಕಹಿ. ಊರಲ್ಲಿ ಸ್ವಂತ ಮನೆ ಇದೆ ಅನ್ನುವುದೊಂದೇ ನಿವಾಸ ಆಗುವುದಿಲ್ಲ. ಪುಣೆಯಲ್ಲಿ ಹದಿನೈದು ವರ್ಷ ನೌಕರಿ ಮಾಡಿ, ಅಲ್ಲೇ ಫ್ಲ್ಯಾಟ್ ತಗೊಂಡು, “ಇಂಡಿ ಊರಾಗ ನಮ್ಮ ವಾಡೆ ಐತಿ” ಅಂದರೆ ನಾನು ವಾದ ಮಾಡಲಾರೆ. ಯಾರದು ತಾತ್ಕಾಲಿಕ, ಯಾರದು ಕಾಯಂ ಅನ್ನುವುದು ಕಾಗದ ನೋಡದೆ ಹೇಳುವ ಮಾತಲ್ಲ.

ಹೆಸರು ಹೋಗಿದ್ದರೆ ಮತ್ತೆ ಫಾರ್ಮ್ 6, ಅಂದರೆ ಹೆಸರು ಸೇರಿಸುವ ಅರ್ಜಿ ಹಾಕಿ. ಅದಕ್ಕೆ ಗಡುವು ಇದೆ. ನಾಮಪತ್ರ ಸಲ್ಲಿಕೆಯ ಕೊನೆ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿ ಮುಚ್ಚಿದಂತೆ. ಅರ್ಜಿಯ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಹಾಗಾಗಿ ಕೊನೆ ದಿನ ಓಡಿ ಬಂದರೂ ಪ್ರಯೋಜನ ಇಲ್ಲ. ಚುನಾವಣೆ ಇಲ್ಲದಾಗಲೇ ಪಟ್ಟಿ ನೋಡಿಕೊಳ್ಳಿ. ಆಯೋಗದ ಆ್ಯಪಿನಲ್ಲಿ ಐದು ನಿಮಿಷದ ಕೆಲಸ. ಹೆಸರು ತೆಗೆದ ಆದೇಶ ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಸಿವಿಲ್ ಕೋರ್ಟಿಗೆ ಇದರಲ್ಲಿ ಅಧಿಕಾರವೇ ಇಲ್ಲ. ಗೆದ್ದವರ ಆಯ್ಕೆಯನ್ನೇ ಪ್ರಶ್ನಿಸುವ ಅರ್ಜಿ 45 ದಿನದಲ್ಲಿ ಹೈಕೋರ್ಟಿಗೆ ಹೋಗಬೇಕು. ‘ನನಗೆ ಓಟು ಸಿಗಲಿಲ್ಲ’ ಅನ್ನುವ ಸಿಟ್ಟೊಂದನ್ನೇ ಇಟ್ಟುಕೊಂಡು ಅಲ್ಲಿಗೆ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹೋದ ಹೆಸರಿಗೆ ಅಳುವವರು ಒಂದು ಕಡೆ, ಎರಡೆರಡು ಹೆಸರು ಇಟ್ಟುಕೊಂಡವರು ಇನ್ನೊಂದು ಕಡೆ. ಮದುವೆಯಾಗಿ ಜಮಖಂಡಿಗೆ ಹೋದ ಮಗಳ ಹೆಸರು ಅಲ್ಲೂ ಇದೆ, ತವರಿನ ಬಬಲೇಶ್ವರದಲ್ಲೂ ಇದೆ. ಎರಡು ಕಡೆ ಇರುವಂತಿಲ್ಲ. ಗೊತ್ತಿದ್ದೂ ಅರ್ಜಿಯಲ್ಲಿ ಸುಳ್ಳು ಬರೆದರೆ ಒಂದು ವರ್ಷದ ತನಕ ಜೈಲು ಆಗಬಹುದು. ಇಷ್ಟು ಹೇಳಿದ ಮೇಲೂ ಒಬ್ಬ ತಾಯಿ ಒಪ್ಪಲಿಲ್ಲ. “ಓಟಿನ ನೆವದಾಗರ ಮಗಳು ಮನಿಗಿ ಬರ್ತಾಳ, ಇರಲಿ ಬಿಡ್ರಿ ವಕೀಲರ” ಅಂದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇದೆಯಲ್ಲ, ಅದಕ್ಕೆ ಕರೆಯಿರಿ ಅಂದೆ. ಅಲ್ಲೇ ಮಗಳಿಗೆ ಫೋನ್ ಹಚ್ಚಿಸಿ, ತವರಿನ ಹೆಸರು ತೆಗೆಸಲು ಫಾರ್ಮ್ 7 ಹಾಕು ಅಂತ ಹೇಳಿದೆ.