ಸಹಿ ಹಾಕಿದ ಮೇಲೆ ದೂರು ಕೊಡಬಹುದೇ?

ಪ್ರಶ್ನೆ: ಹಲ್ಲು ಶುಚಿ ಮಾಡಿಸಲೆಂದು ನಮ್ಮ ಆರು ವರ್ಷದ ಪಗ್ ನಾಯಿಯನ್ನು ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆವು. ಬೆಳಿಗ್ಗೆ ಅರಿವಳಿಕೆ ಕೊಟ್ಟರು. ಮಧ್ಯಾಹ್ನ ಫೋನ್ ಮಾಡಿ ‘ಉಳಿಯಲಿಲ್ಲ’ ಎಂದರು. ಒಪ್ಪಿಗೆ ಪತ್ರಕ್ಕೆ ಮೊದಲೇ ನನ್ನ ಸಹಿ ಹಾಕಿಸಿಕೊಂಡಿದ್ದರು. ದೂರು ಕೊಡಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ಸಹಿ ಹಾಕಿದ ಮೇಲೆ ದಾರಿಯಾದರೂ ಇದೆಯೇ?

ಉತ್ತರ: ಇದೆ. ಹೋದ ವರ್ಷವೂ ಇದೆ ಎಂದೇ ಬರೆದಿದ್ದೆ, ಅದರ ಹಿಂದಿನ ವರ್ಷವೂ. ನಾಯಿಯ ತಳಿ ಬದಲಾಗುತ್ತದೆ, ಊರು ಬದಲಾಗುತ್ತದೆ, ಪತ್ರದ ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ. ಸತ್ತ ಜೀವದ ದುಃಖ ಒಂದು ಕಡೆ, ‘ನಾನೇ ಸಹಿ ಹಾಕಿಕೊಟ್ಟೆನಲ್ಲ’ ಎಂಬ ಕೊರಗು ಇನ್ನೊಂದು ಕಡೆ. ಮೊದಲನೆಯದಕ್ಕೆ ನನ್ನಲ್ಲಿ ಔಷಧಿಯಿಲ್ಲ. ಎರಡನೆಯದನ್ನು ಇವತ್ತು ಬೇರುಸಹಿತ ಕೀಳೋಣ.

ಪಶುವೈದ್ಯನಾಗಿ ಆ ಕಾಗದಕ್ಕೆ ಮೂವತ್ತು ವರ್ಷ ಸಹಿ ಹಾಕಿಸಿಕೊಂಡವನು ನಾನೇ. ಹಾಗಾಗಿ ಅದರಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ನನಗೆ ಬಾಯಿಪಾಠ. ಅರಿವಳಿಕೆಯಲ್ಲಿ ಅಪಾಯವಿದೆ, ಎಲ್ಲ ಎಚ್ಚರ ವಹಿಸಿದರೂ ಪ್ರಾಣಿ ಸಾಯಬಹುದು ಎಂದಿರುತ್ತದೆ. ನೀವು ಒಪ್ಪಿದ್ದು ಇದಕ್ಕೆ. ‘ಎಲ್ಲ ಎಚ್ಚರ ವಹಿಸಿದರೂ’ ಎಂಬ ಮಾತನ್ನು ಇನ್ನೊಮ್ಮೆ ಓದಿ, ಇಡೀ ಕಾಗದದ ತೂಕ ಇರುವುದು ಅಲ್ಲಿ. ಎಚ್ಚರ ವಹಿಸದಿದ್ದರೂ ಪರವಾಗಿಲ್ಲ ಎಂದು ನೀವು ಬರೆದುಕೊಟ್ಟಿಲ್ಲ. ಹಾಗೆ ಬರೆಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ.

‘ವಾಹನ ಕಳೆದರೆ ನಾವು ಜವಾಬ್ದಾರರಲ್ಲ’, ‘ಚಪ್ಪಲಿಗೆ ನೀವೇ ಜವಾಬ್ದಾರರು’ ಎಂಬ ಫಲಕಗಳನ್ನು ನೋಡಿ ನೋಡಿ ನಮಗೆಲ್ಲ ಒಂದು ಅಭ್ಯಾಸವಾಗಿಬಿಟ್ಟಿದೆ. ಯಾರಾದರೂ ಏನನ್ನಾದರೂ ಅಚ್ಚು ಹಾಕಿಸಿ ಅಂಟಿಸಿದರೆ ಅದೇ ಕಾನೂನು ಎಂದುಕೊಳ್ಳುತ್ತೇವೆ. ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಬೀಗದ ಕೈ ಕೊಟ್ಟು ನಿಲ್ಲಿಸಿದ್ದ ಕಾರು ಕಳುವಾಯಿತು. ಚೀಟಿಯಲ್ಲಿ ಮಾಲೀಕರದೇ ಹೊಣೆ ಎಂದು ಅಚ್ಚಾಗಿದೆಯಲ್ಲ ಎಂದು ಹೋಟೆಲಿನವರು ವಾದಿಸಿದರು. ತನ್ನ ಜನರ ಅಜಾಗರೂಕತೆಯಿಂದ ಆದ ನಷ್ಟಕ್ಕೆ ಆ ಚೀಟಿ ತೋರಿಸಿ ಜಾರಿಕೊಳ್ಳಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾರಿಗೇ ಈ ಮಾತಾದರೆ, ಉಸಿರಾಡುವ ಜೀವವನ್ನು ಕೈಗೊಪ್ಪಿಸಿದವರಿಗೆ ಅನ್ವಯಿಸದೇ?

ಒಪ್ಪಿಗೆಗೂ ಒಂದು ಎಲ್ಲೆ ಇದೆ. ಪರೀಕ್ಷೆಗೆಂದು ಒಪ್ಪಿದ ಮಹಿಳೆಯೊಬ್ಬರ ಗರ್ಭಕೋಶವನ್ನೇ ತೆಗೆದ ಪ್ರಕರಣದಲ್ಲಿ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಲ್ಲ ಎಂದು ಅದೇ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ಅದು ಮನುಷ್ಯರ ಆಸ್ಪತ್ರೆಯ ಕಥೆ, ನಿಜ. ಆದರೆ ಹಲ್ಲು ಶುಚಿ ಮಾಡಲು ಒಪ್ಪಿಸಿ ನಾಲ್ಕು ಹಲ್ಲು ಕಿತ್ತ ಪಶುವೈದ್ಯರೂ ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ‘ಸಹಿ ಹಾಕಿದೆನೇ?’ ಎಂಬ ಪ್ರಶ್ನೆಯನ್ನು ಬದಿಗಿಡಿ. ಸಹಿಯಾದ ಹೊತ್ತಿನಿಂದ ಫೋನ್ ಬಂದ ಹೊತ್ತಿನವರೆಗೆ ಆ ಕೋಣೆಯಲ್ಲಿ ನಡೆದದ್ದೇನು ಎಂಬುದೇ ಕೇಳಬೇಕಾದ ಪ್ರಶ್ನೆ. ನಾಯಿಯನ್ನು ತೂಗಿದರೇ, ಇಲ್ಲವೇ ಕಣ್ಣಳತೆಯಲ್ಲಿ ‘ಹತ್ತು ಕಿಲೋ ಇರಬಹುದು’ ಎಂದು ಸಿರಿಂಜು ತುಂಬಿಸಿದರೇ? ಎದೆಗೆ ಸ್ಟೆತಸ್ಕೋಪ್ ಇಟ್ಟರೇ? ಬೆಳಿಗ್ಗೆ ಏನಾದರೂ ತಿಂದಿದೆಯೇ ಎಂದು ವಿಚಾರಿಸಿದರೇ? ಗಂಟಲಿಗೆ ಕೊಳವೆ ಹಾಕಿದ್ದರೇ? ಪಗ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಮೂಗಿನ ಹೊಳ್ಳೆ ಕಿರಿದು, ಬಾಯೊಳಗಿನ ಮೃದು ಅಂಗುಳು ಉದ್ದ. ಕೊಳವೆ ಇರುವಷ್ಟು ಹೊತ್ತು ಅವು ಜೀವಮಾನದಲ್ಲೇ ಅಷ್ಟು ಸಲೀಸಾಗಿ ಉಸಿರಾಡಿರುವುದಿಲ್ಲ. ಕಷ್ಟ ಶುರುವಾಗುವುದು ಕೊಳವೆ ತೆಗೆದ ಮೇಲೆ. ತಲೆ ಎತ್ತಿ ತಾನಾಗಿ ನುಂಗುವವರೆಗೆ, ಅದಾದ ಮೇಲೂ ಒಂದಷ್ಟು ಹೊತ್ತು, ಬಲ್ಲವರೊಬ್ಬರು ಪಕ್ಕದಲ್ಲೇ ಕೂರಬೇಕು. ನಾನು ಪಾಠ ಮಾಡುವಾಗ, ಪಗ್ ಎದ್ದು ನಿಮ್ಮತ್ತ ಗುರ್ ಎನ್ನುವವರೆಗೂ ಕುರ್ಚಿ ಬಿಡಬೇಡಿ ಎನ್ನುತ್ತಿದ್ದೆ. ನನ್ನ ಹುಡುಗರು ಇವತ್ತಿಗೂ ಬಿಡುವುದಿಲ್ಲ, ಆ ಮಟ್ಟಿಗೆ ನನಗೆ ಜಂಬವಿದೆ.

ಇಷ್ಟೆಲ್ಲ ಮಾಡಿಯೂ ನಾಯಿ ಸತ್ತಿದ್ದರೆ ಅದು ನೀವು ಸಹಿ ಹಾಕಿದ ಅಪಾಯ. ಸತ್ತಿತು ಎಂಬ ಒಂದೇ ಕಾರಣಕ್ಕೆ ವೈದ್ಯರು ತಪ್ಪಿತಸ್ಥರಲ್ಲ. ಸಾಮಾನ್ಯ ನಿಪುಣತೆಯ ವೈದ್ಯರು ಮಾಡುವಷ್ಟನ್ನು ಮಾಡಿದರೇ ಎಂಬುದೇ ಅಳತೆಗೋಲು. ವೈದ್ಯರ ನಿರ್ಲಕ್ಷ್ಯದ ಬಗ್ಗೆ ಸುಪ್ರೀಂ ಕೋರ್ಟ್ 2005ರಲ್ಲಿ ಕೊಟ್ಟ ಜೇಕಬ್ ಮ್ಯಾಥ್ಯೂ ತೀರ್ಪಿನಿಂದ ಈಚೆಗೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ಕೊಳವೆ ಕಿತ್ತು, ನಾಯಿಯನ್ನು ಪಂಜರದಲ್ಲಿ ಮಲಗಿಸಿ, ಎಲ್ಲರೂ ಊಟಕ್ಕೆ ಹೋಗಿದ್ದರೆ? ಅದಕ್ಕೆ ನಿಮ್ಮ ಸಹಿ ಇಲ್ಲ.

ದೂರಿಗೆ ಮುಂಚೆ ಆ ವೈದ್ಯರನ್ನೇ ಒಮ್ಮೆ ಕೇಳಿ, ಬರವಣಿಗೆಯಲ್ಲಿ. ಕೊಟ್ಟ ಔಷಧಿಗಳ ಹೆಸರು, ಪ್ರಮಾಣ, ಸಮಯ, ಯಾವಾಗ ಏನಾಯಿತು ಎಂಬ ವಿವರ ಬೇಕೆನ್ನಿ. ಎದುರು ಕೂರಿಸಿಕೊಂಡು, ಬರೆದಿಟ್ಟ ಹಾಳೆಯನ್ನು ಬಿಡಿಸಿ ತೋರಿಸಿ, ಇಂಥಲ್ಲಿ ಹೃದಯ ನಿಂತಿತು, ಇಂತಿಂಥದ್ದು ಮಾಡಿದೆವು ಎಂದು ಹೇಳುವ ವೈದ್ಯರ ಮೇಲೆ ನಾನಾಗಿದ್ದರೆ ದೂರು ಕೊಡುತ್ತಿರಲಿಲ್ಲ. ನಾಲ್ಕು ಸಲ ಅಲೆದರೂ ‘ಡಾಕ್ಟರು ಮೀಟಿಂಗ್‌ನಲ್ಲಿದ್ದಾರೆ’ ಎಂದೇ ಉತ್ತರ ಬಂದರೆ ಕೊಡುತ್ತಿದ್ದೆ. ಇನ್ನು ಅಂತರ್ಜಾಲದಲ್ಲಿ ಒಂದು ನಕ್ಷತ್ರ ಕೊಟ್ಟು ಶಾಪ ಹಾಕುವುದು ದೂರಲ್ಲ. ಅದರಿಂದ ಮಾನನಷ್ಟದ ನೋಟಿಸು ಬರಬಹುದು, ಉತ್ತರ ಬರುವುದಿಲ್ಲ.

ಎಲ್ಲಿ ಕೊಡಬೇಕು ಎಂಬುದು ನಿಮಗೇನು ಬೇಕು ಎಂಬುದರ ಮೇಲೆ ನಿಂತಿದೆ. ವೈದ್ಯರ ನಡತೆಯ ವಿಚಾರಣೆ ಆಗಬೇಕೆಂದರೆ ಬೆಂಗಳೂರಿನಲ್ಲಿರುವ ರಾಜ್ಯ ಪಶುವೈದ್ಯ ಪರಿಷತ್ತು. ಅದು ನೋಂದಣಿ ಪಟ್ಟಿಯಿಂದ ಹೆಸರನ್ನೇ ತೆಗೆಯಬಲ್ಲದು, ಹಣ ಕೊಡಿಸಲಾರದು. ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಕಡ್ಡಾಯವಲ್ಲ. ನೀವು ಕಟ್ಟಿದ ಬಿಲ್ಲು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಮೊದಲ ಹೆಜ್ಜೆ ಹೇಳಿಕೊಡುತ್ತಾರೆ. ಸರ್ಕಾರಿ ಪಶು ಆಸ್ಪತ್ರೆಯಾಗಿದ್ದರೆ ಮಾತೇ ಬೇರೆ. ಎಲ್ಲರಿಗೂ ಉಚಿತವಾಗಿ ಕೊಡುವ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ, ಚೀಟಿಗೆ ಕೊಟ್ಟ ಚಿಲ್ಲರೆಯಿಂದ ಅದು ಬದಲಾಗುವುದೂ ಇಲ್ಲ. ಅಲ್ಲಿಯ ದೂರು ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ.

ಕಷ್ಟದ ಭಾಗ ಪುರಾವೆ. ಇನ್ನೊಬ್ಬ ಪಶುವೈದ್ಯರ ಬಳಿ ಹೋದರೆ ‘ಛೆ, ಹೀಗೆ ಮಾಡಬಾರದಿತ್ತು’ ಎಂದು ಬಾಯಲ್ಲಿ ಹೇಳುತ್ತಾರೆ. ಬರೆದುಕೊಡಿ ಎಂದರೆ ಪೆನ್ನು ಸಿಗುವುದಿಲ್ಲ. ನಮ್ಮ ವೃತ್ತಿಯವರ ಬಗ್ಗೆ ನಾನು ಹೇಳಲು ನಾಚುವ ಮಾತು ಇದು. ಆದ್ದರಿಂದಲೇ ಮರಣೋತ್ತರ ಪರೀಕ್ಷೆಗೆ ಅಷ್ಟು ಬೆಲೆ. ನೀವು ಅದೇ ಸಂಜೆ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿದ್ದಾಗಿ ಬರೆದಿದ್ದೀರಿ, ಅರ್ಥವಾಗುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ. ಇದನ್ನು ಓದುವ ಉಳಿದವರಿಗಾದರೂ ನೆನಪಿರಲಿ: ಅನುಮಾನವಿದ್ದರೆ ದೇಹವನ್ನು ತಂಪಾಗಿಡಿ, ಹೆಪ್ಪುಗಟ್ಟಿಸಬೇಡಿ. ಮಂಜಿನ ಹರಳು ಅಂಗಾಂಶವನ್ನು ಒಡೆದರೆ ಸೂಕ್ಷ್ಮದರ್ಶಕದಡಿ ಓದಲು ಏನೂ ಉಳಿಯುವುದಿಲ್ಲ. ಹೆಬ್ಬಾಳದಂಥ ಪಶುವೈದ್ಯಕೀಯ ಕಾಲೇಜು ಹತ್ತಿರವಿದ್ದರೆ ಆ ಹೊತ್ತಿಗೇ ವಿಚಾರಿಸಿ. ನಿಮ್ಮ ಬಳಿ ಈಗ ಉಳಿದಿರುವುದು ಬಿಲ್ಲು, ವಾಟ್ಸ್‌ಆ್ಯಪ್ ಸಂದೇಶ, ಒಪ್ಪಿಗೆ ಪತ್ರದ ಪ್ರತಿ. ಒಂದನ್ನೂ ಅಳಿಸಬೇಡಿ.

ನೀವು ಕೇಳದ ಒಂದು ಮಾತಿದೆ, ನನ್ನನ್ನು ಕಾಡುತ್ತಿರುವುದು ಅದೇ. ಚುಚ್ಚಿದವರು ಯಾರು? ಒಪ್ಪಿಗೆ ಪತ್ರದ ಮೇಲೆ ವೈದ್ಯರ ಹೆಸರಿದೆ, ಆದರೆ ಅವರು ಬಂದದ್ದು ಹನ್ನೊಂದಕ್ಕೆ, ನಾಯಿಯನ್ನು ಒಳಗೆ ಒಯ್ದದ್ದು ಒಂಬತ್ತೂವರೆಗೆ ಎಂದು ನೀವೇ ಬರೆದಿದ್ದೀರಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮಿನಂತೆ ನೋಂದಾಯಿತ ಪಶುವೈದ್ಯರಲ್ಲದೆ ಬೇರೆಯವರು ಚಿಕಿತ್ಸೆ ನಡೆಸುವಂತಿಲ್ಲ. ಸರ್ಕಾರ ಅನುಮತಿಸಿದ ಡಿಪ್ಲೊಮಾ ಪಡೆದವರು ಸಣ್ಣಪುಟ್ಟ ಸೇವೆ ಮಾಡಬಹುದು, ಅದೂ ವೈದ್ಯರ ನಿಗಾದಲ್ಲಿ. ಅರಿವಳಿಕೆ ಸಣ್ಣಪುಟ್ಟದ್ದಲ್ಲ. ‘ನಮ್ಮ ಹುಡುಗನಿಗೆ ಕೈ ಪಳಗಿದೆ’ ಎನ್ನುವ ಮಾತನ್ನು ನಾನು ಎಷ್ಟು ಕ್ಲಿನಿಕ್ಕುಗಳಲ್ಲಿ ಕೇಳಿಲ್ಲ! ಪಳಗಿರಬಹುದು. ಪರಿಷತ್ತಿನ ಪಟ್ಟಿಯಲ್ಲಿ ಅವನ ಹೆಸರಿಲ್ಲ, ನಾಳೆ ತೆಗೆದುಹಾಕಲು ಕೂಡ ಇಲ್ಲ. ನೀವು ವೈದ್ಯರಿಗೆ ಬರೆಯುವ ಪತ್ರದಲ್ಲಿ ಇದೇ ಮೊದಲ ಪ್ರಶ್ನೆಯಾಗಲಿ.

ಮನೆಯಲ್ಲಿ ಇನ್ನೊಂದು ನಾಯಿ ಇದೆ ಎಂದು ಅದರ ಲಸಿಕೆ ಪುಸ್ತಕದ ಚಿತ್ರವನ್ನೂ ಕಳಿಸಿದ್ದೀರಿ, ಮುಂದಿನ ಲಸಿಕೆ ಯಾವಾಗ ಎಂದು ಕೇಳಲು. ತಾರೀಕು ಆಮೇಲೆ ನೋಡೋಣ. ಬ್ಯಾಚ್ ಸಂಖ್ಯೆಯ ಸ್ಟಿಕ್ಕರುಗಳು ಸಾಲಾಗಿ ಅಂಟಿವೆ, ಪಕ್ಕದಲ್ಲಿ ಸಾಕುಪ್ರಾಣಿ ಅಂಗಡಿಯ ಮೊಹರಿದೆ. ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆಗೆಂದು ಗೆರೆ ಎಳೆದ ಜಾಗ ಮೂರು ವರ್ಷದಿಂದ ಖಾಲಿಯಿದೆ.