ಪೆಟ್ಟಿಗೆ ಬದಲಿಸುವ ಮುನ್ನ ತಂತಿ ನೋಡಿ

ಹೊಸ ಸ್ಪೀಕರ್ ಜೋಡಿಯನ್ನು ಹಿಂದಿರುಗಿಸುವುದೆಂದು ತೀರ್ಮಾನಿಸಿಯೇ ಗ್ರಾಹಕರೊಬ್ಬರು ನನಗೆ ಕರೆ ಮಾಡಿದ್ದರು. "ಬೇಸ್ ಇಲ್ಲವೇ ಇಲ್ಲ ಸರ್. ಗಾಯಕಿಯ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ" ಎಂದರು. ಮನೆಗೆ ಹೋಗಿ ಆಂಪ್ಲಿಫೈಯರಿನ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿದೆ. ಬಲಗಡೆಯ ಸ್ಪೀಕರಿನ ತಂತಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಸರಿಯಾಗಿಯೇ ಇತ್ತು. ಎಡಗಡೆಯದು ಅದಲುಬದಲಾಗಿತ್ತು. ಪಾರದರ್ಶಕ ಹೊದಿಕೆಯ ಜೋಡಿ ತಂತಿ ಅದು. ಒಂದು ತಂತಿಯ ಮೇಲೆ ಉದ್ದಕ್ಕೂ ಓಡುವ ಸಣ್ಣ ಗೆರೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ತುದಿಗಳನ್ನು ಬದಲಿಸಿ ಅದೇ ಹಾಡನ್ನು ಹಾಕಿದೆ. ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಬಂದು ನಿಂತಿತು, ಮೃದಂಗಕ್ಕೆ ಮೈ ಬಂತು.

ಮನೆಗಳಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಇದೇ ಮೊದಲನೆಯದು. ಸದ್ದು ಪೂರ್ತಿ ನಿಂತುಹೋಗುವುದಿಲ್ಲವಾದ್ದರಿಂದ ಇದು ಸುಲಭವಾಗಿ ಸಿಕ್ಕಿಬೀಳುವುದೂ ಇಲ್ಲ. ಒಂದು ಸ್ಪೀಕರಿನ ವೂಫರ್ (ಕೆಳಗಿನ ಸ್ವರಗಳನ್ನು ಹೊಮ್ಮಿಸುವ ಭಾಗ) ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿರುತ್ತದೆ. 50 ಹರ್ಟ್ಸ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಸ್ಪೀಕರ್‌ಗಳ ನಡುವಿನ ಅಂತರ ಅದಕ್ಕಿಂತ ಬಹಳ ಕಡಿಮೆಯಾದ್ದರಿಂದ ಎರಡೂ ಅಲೆಗಳು ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಬಿಡುತ್ತವೆ. 5,000 ಹರ್ಟ್ಸ್‌ನ ಅಲೆ 7 ಸೆಂಟಿಮೀಟರ್ ಮಾತ್ರ. ಅಲ್ಲಿ ಈ ಅಳಿಸಾಟ ಕೋಣೆಯಲ್ಲಿ ಚದುರಿಹೋಗುತ್ತದೆ. ಹೀಗಾಗಿ ಮೇಲಿನ ಸ್ವರಗಳು ಉಳಿಯುತ್ತವೆ, ಕೆಳಗಿನವು ಹೋಗುತ್ತವೆ. ಕೇಳುವವರು ದೋಷವನ್ನು ಸ್ಪೀಕರಿನ ತಲೆಗೆ ಕಟ್ಟುತ್ತಾರೆ.

ಪರೀಕ್ಷೆ ಸುಲಭ. ಎರಡೂ ಸ್ಪೀಕರ್‌ಗಳನ್ನು ಒಂದು ಅಡಿ ಅಂತರದಲ್ಲಿ ಎದುರುಬದುರಾಗಿ ಇಟ್ಟು, ಮೋನೋದಲ್ಲಿ (ಎರಡಕ್ಕೂ ಒಂದೇ ಸದ್ದು ಹೋಗುವಂತೆ) ಬೇಸ್ ಹೆಚ್ಚಿರುವ ಹಾಡೊಂದನ್ನು ಹಾಕಿ. ಆಂಪ್ಲಿಫೈಯರ್ ಆಫ್ ಮಾಡಿ, ಒಂದೇ ಒಂದು ಸ್ಪೀಕರಿನ ತಂತಿಯನ್ನು ಅದಲುಬದಲು ಮಾಡಿ ಮತ್ತೆ ಕೇಳಿ. ಯಾವಾಗ ಬೇಸ್ ತುಂಬಿ ಬರುತ್ತದೆಯೋ ಅದೇ ಸರಿಯಾದ ಜೋಡಣೆ. ಎರಡೂ ಸ್ಪೀಕರ್‌ಗಳು ಒಂದೇ ರೀತಿ ತಿರುವುಮುರುವಾಗಿದ್ದರೆ ಗಾಬರಿ ಬೇಡ. ಅವೆರಡೂ ಒಟ್ಟಿಗೆ ಚಲಿಸುವುದು ಮುಖ್ಯ.

ತಂತಿಯ ತುದಿ ಬಿಡಿಸುವಾಗಲೂ ಕಣ್ಣಿಟ್ಟಿರಬೇಕು. ಒಂದು ಸೆಂಟಿಮೀಟರಿನಷ್ಟು ಹೊದಿಕೆ ತೆಗೆದು, ತಾಮ್ರದ ಎಳೆಗಳನ್ನು ಬಿಗಿಯಾಗಿ ಹೊಸೆದು ಟರ್ಮಿನಲ್ಲಿಗೆ ಸೇರಿಸಿ. ಕೂದಲಿನಂಥ ಒಂದು ಎಳೆ ಹೊರಗುಳಿದು ಪಕ್ಕದ ಟರ್ಮಿನಲ್ಲನ್ನು ಮುಟ್ಟಿದರೂ ಸಾಕು, ಆಂಪ್ಲಿಫೈಯರ್ ತಾನಾಗಿಯೇ ಆಫ್ ಆಗುತ್ತದೆ. ರಕ್ಷಣಾ ವ್ಯವಸ್ಥೆ ಇಲ್ಲದ್ದಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಡುತ್ತವೆ. ಹಾಗೆ ಸುಟ್ಟ ಬೋರ್ಡ್‌ಗಳನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ನಿಮಿಷದ ತಾಳ್ಮೆ ಅವನ್ನು ಉಳಿಸುತ್ತಿತ್ತು.

ಇನ್ನು ಜಾಗದ ವಿಷಯ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಎರಡು ಗೋಡೆ, ಒಂದು ನೆಲ ಸೇರಿ ಬೇಸನ್ನು ಊದಿಸುತ್ತವೆ. ಆಗ ಎಲ್ಲ ವಾದ್ಯಗಳೂ ಡಬ್ಬದೊಳಗಿಂದ ಕೇಳಿದಂತಾಗುತ್ತದೆ. ಪುಸ್ತಕದ ಕಪಾಟಿನ ಆಳದಲ್ಲಿ ಕೂರಿಸಿದರೂ ಅದೇ ಪಾಡು. ಅರ್ಧ ಅಡಿ ಮುಂದಕ್ಕೆಳೆದು ಕೇಳಿ, ಮತ್ತೆ ಅರ್ಧ ಅಡಿ ಎಳೆದು ಕೇಳಿ. ಎರಡು ಸ್ಪೀಕರ್‌ಗಳು ಮತ್ತು ನಿಮ್ಮ ಕುರ್ಚಿ ಸರಿಸುಮಾರು ಸಮಭುಜ ತ್ರಿಕೋನವಾಗಲಿ, ಟ್ವೀಟರ್ (ಮೇಲಿನ ಸ್ವರಗಳನ್ನು ಹೊಮ್ಮಿಸುವ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಕುರ್ಚಿ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರೆ ಅದನ್ನೂ ಸರಿಸಿ. ದುಬಾರಿ ಕೇಬಲ್ ಕೊಳ್ಳುವ ಆಸೆಯಿದ್ದವರಿಗೆ ನಾನು ಮೊದಲು ಈ ಕೆಲಸ ಹೇಳುತ್ತೇನೆ. ಐದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿಯಲ್ಲಿ ಹೋಗಿಬರುವ ಒಟ್ಟು ಪ್ರತಿರೋಧ 0.07 ಓಮ್ ಮಾತ್ರ. 8 ಓಮ್ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಟ್ವೀಟರ್ ಸುಟ್ಟಿತೆಂದು ಬರುವವರಲ್ಲಿ ಹಲವರು "ನನ್ನದು ಚಿಕ್ಕ ಆಂಪ್ಲಿಫೈಯರ್, ಅದರಿಂದ ಹೇಗೆ ಸುಡುತ್ತದೆ?" ಎಂದು ಕೇಳುತ್ತಾರೆ. ಚಿಕ್ಕದಾದ್ದರಿಂದಲೇ ಅಪಾಯ ಹೆಚ್ಚು. ಶಕ್ತಿ ಮೀರಿ ದುಡಿಸಿದಾಗ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಆಗ ಮೂಲದಲ್ಲಿ ಇಲ್ಲದ ಮೇಲಿನ ಆವರ್ತನಗಳು ಹುಟ್ಟಿ ಟ್ವೀಟರಿನ ನವಿರಾದ ಸುರುಳಿಯನ್ನು ಕಾಯಿಸುತ್ತವೆ. ದನಿ ಒರಟಾಗಿ ಕರ್ಕಶವಾದ ಕ್ಷಣವೇ ವಾಲ್ಯೂಮ್ ಇಳಿಸಬೇಕು. 20 ವ್ಯಾಟ್ ಬದಲು 40 ವ್ಯಾಟ್ ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್, ಅಷ್ಟೇ.

ಒಂದೇ ಟರ್ಮಿನಲ್ಲಿಗೆ 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪ್ಲಿಫೈಯರಿಗೆ ಅದು 4 ಓಮ್ ಭಾರ; ಓಮ್ ಇಳಿದಷ್ಟೂ ಭಾರ ಹೆಚ್ಚು. ಅಷ್ಟನ್ನು ಹೊರುತ್ತದೆಯೇ ಎಂಬುದು ಅದರ ಬೆನ್ನ ಮೇಲೆ ಬರೆದಿರುತ್ತದೆ. ರೆಕಾರ್ಡ್ ಪ್ಲೇಯರನ್ನು ಮಾಮೂಲಿ ಇನ್‌ಪುಟ್‌ಗೆ ಚುಚ್ಚಿ ಸದ್ದು ಕ್ಷೀಣವೆಂದು ಕೊರಗುವವರಿದ್ದಾರೆ. ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್, ಅದಕ್ಕೆ ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೋ ಇನ್‌ಪುಟ್ಟೇ ಬೇಕು.

ಕೊನೆಯದು ಗುಂಯ್‌ಗುಡುವ ಸದ್ದು. ಟಿವಿ, ಕಂಪ್ಯೂಟರ್, ಆಂಪ್ಲಿಫೈಯರ್ ಬೇರೆ ಬೇರೆ ಗೋಡೆಯ ಸಾಕೆಟ್‌ಗಳಲ್ಲಿದ್ದಾಗ ಅರ್ಥಿಂಗ್ ದಾರಿಗಳು ಸೇರಿ ಒಂದು ಕುಣಿಕೆಯಾಗುತ್ತದೆ, ಕರೆಂಟಿನ ಆವರ್ತನ ಸ್ಪೀಕರಿನಲ್ಲಿ ಕೇಳುತ್ತದೆ. ಒಂದೊಂದೇ ಉಪಕರಣದ ಕೇಬಲ್ ಬಿಡಿಸುತ್ತಾ ಹೋಗಿ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೆಯೋ ಅದೇ ಮೂಲ. ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ನಡೆಸಿದರೆ ಬಹಳಷ್ಟು ಬಾರಿ ಸರಿಹೋಗುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಮುರಿದುಹಾಕುತ್ತಾರೆ. ಸದ್ದೇನೋ ನಿಲ್ಲುತ್ತದೆ, ಆದರೆ ಒಳಗೆ ನಿರೋಧನ ಕೆಟ್ಟ ದಿನ ಲೋಹದ ಪೆಟ್ಟಿಗೆಗೆ ವಿದ್ಯುತ್ ಹರಿಯುತ್ತದೆ, ವಾಲ್ಯೂಮ್ ತಿರುಗಿಸಲು ಬಂದ ಕೈಯೇ ಅದಕ್ಕೆ ದಾರಿಯಾಗುತ್ತದೆ. ಅಂಥ ಪ್ಲಗ್ ಕಂಡರೆ ನಾನು ಹಾಡು ನಿಲ್ಲಿಸಿ, ಮೊದಲು ಅದನ್ನು ಬದಲಿಸಿ, ಆಮೇಲೆಯೇ ಉಳಿದ ಕೆಲಸಕ್ಕೆ ಕೈಹಾಕುತ್ತೇನೆ.