ನಗರ ಯೋಜನೆ ಓದಲು ಹೊರಟಿದ್ದೀರಾ? ಮೊದಲು ಜನರನ್ನು ಎಣಿಸಲು ಕಲಿಯಿರಿ

ನಗರ ಮತ್ತು ಪ್ರಾದೇಶಿಕ ಯೋಜನೆ ಓದಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು, ಡ್ರಾಯಿಂಗ್ ಚೆನ್ನಾಗಿ ಬರಬೇಕಾ ಅಂತ. ಬಂದರೆ ಒಳ್ಳೆಯದೇ, ಬರದಿದ್ದರೂ ನಡೆಯುತ್ತದೆ. ಅಂಕಿ ಕಂಡರೆ ಆಗದವರಿಗೆ ಮಾತ್ರ ಈ ಓದು ಕಷ್ಟ.

ಒಂದು ಲೆಕ್ಕ ನೋಡಿ. ಊರಿನಲ್ಲಿ ಈಗ 10 ಲಕ್ಷ ಜನ ಇದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ಶೇ. 2ರಂತೆ ಬೆಳೆದರೆ 20 ವರ್ಷಕ್ಕೆ ಸುಮಾರು 14.9 ಲಕ್ಷ. ಶೇ. 3 ಆದರೆ ಸುಮಾರು 18 ಲಕ್ಷ. ಒಂದೇ ಪರ್ಸೆಂಟ್ ವ್ಯತ್ಯಾಸ, ಅಲ್ವಾ? ಆದರೆ ಹೆಚ್ಚಾಗುವ 3 ಲಕ್ಷ ಚಿಲ್ಲರೆ ಜನರಲ್ಲಿ ಒಬ್ಬರಿಗೆ ದಿನಕ್ಕೆ 100 ಲೀಟರ್ ಅಂತ ಇಟ್ಟುಕೊಂಡರೂ ದಿನಕ್ಕೆ 3 ಕೋಟಿ ಲೀಟರ್‌ಗಿಂತ ಜಾಸ್ತಿ ನೀರು, ಅದನ್ನು ತರುವ ಪೈಪು, ಒಳಚರಂಡಿ, ಶಾಲೆ, ಬಸ್ಸು ಎಲ್ಲವೂ ಆ ಒಂದು ಪರ್ಸೆಂಟಿನ ಮೇಲೆ ನಿಂತಿರುತ್ತವೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಗಿದ್ದು ಪ್ರತಿ ವಿದ್ಯಾರ್ಥಿಗೂ ಗೊತ್ತಿರಬೇಕು. ನಗರ ಬೆಳೆಯುತ್ತಲೇ ಇರುತ್ತದೆ ಅಂತ ನಂಬಿ 1950ರ ದಶಕದಲ್ಲಿ ಅಲ್ಲಿ ಪ್ರೂಯಿಟ್-ಐಗೋ ಎಂಬ ಸರ್ಕಾರಿ ವಸತಿ ಕಟ್ಟಿದರು. 11 ಅಂತಸ್ತಿನ 33 ಕಟ್ಟಡ. ಆದರೆ 1950ರಲ್ಲಿ 8.57 ಲಕ್ಷದಷ್ಟಿದ್ದ ಜನಸಂಖ್ಯೆ 1970ಕ್ಕೆ 6.22 ಲಕ್ಷಕ್ಕೆ ಇಳಿಯಿತು. ಮನೆಗಳು ಖಾಲಿ ಬಿದ್ದವು, ಬಾಡಿಗೆ ಹಣದಲ್ಲೇ ನಿರ್ವಹಣೆ ನಡೆಯಬೇಕಿದ್ದರಿಂದ ರಿಪೇರಿಗೂ ದುಡ್ಡಿಲ್ಲದಂತಾಯಿತು, 1972ರಲ್ಲಿ ಕೆಡವಲು ಶುರು ಮಾಡಿದರು. ತುಂಬಾ ಜನ ಕಟ್ಟಡದ ವಿನ್ಯಾಸವನ್ನೇ ದೂರುತ್ತಾರೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಜನ ಎಲ್ಲೂ ಮಾಯವಾಗಿರಲಿಲ್ಲ. ಅನುಕೂಲ ಇದ್ದ ಬಿಳಿಯರು ಗಡಿ ದಾಟಿ ಉಪನಗರಗಳಿಗೆ ಹೋದರು, ಕೆಲಸಗಳೂ ಅತ್ತ ಹೋದವು, ಕಪ್ಪು ಜನರಿಗೆ ಅಲ್ಲಿ ಮನೆ ಸಿಗುವುದೇ ಕಷ್ಟವಿತ್ತು. ನಗರದ ಗಡಿಯೊಳಗಷ್ಟೇ ಎಣಿಸುತ್ತಾ ಕೂತರೆ ಇದು ಕಾಣುವುದಿಲ್ಲ.

ಅದಕ್ಕೇ ಹೇಳುವುದು, ನಗರವನ್ನು ಸುತ್ತಲಿನ ಪ್ರದೇಶದ ಜೊತೆ ಸೇರಿಸಿ ನೋಡುವ ಪ್ರಾದೇಶಿಕ ಯೋಜನೆಯ ಪೇಪರನ್ನು ಸುಮ್ನೆ ಪಾಸಾದರೆ ಸಾಕು ಅಂತ ಓದಬೇಡಿ. ನಗರದ ನೀರು, ಆಹಾರ, ಕೆಲಸಗಾರರು ಬರುವುದು ಹೊರಗಿನಿಂದ, ಕಸ ಹೋಗುವುದೂ ಹೊರಗೇ.

ಕೋರ್ಸ್ ಆರಿಸುವಾಗ ಸ್ಟುಡಿಯೋ, ಅಂದರೆ ಒಂದು ಊರಿಗೆ ಪ್ಲ್ಯಾನ್ ಮಾಡುವುದನ್ನು ಮಾಡಿಯೇ ಕಲಿಯುವ ಕ್ಲಾಸು, ಹೇಗೆ ನಡೆಯುತ್ತದೆ ಅಂತ ಸೀನಿಯರ್‌ಗಳನ್ನು ವಿಚಾರಿಸಿ. ಮೊದಲು ಸರ್ವೆ, ಆಮೇಲೆ ಪ್ಲ್ಯಾನ್ ಅಂತ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಹೇಳಿ ನೂರು ವರ್ಷ ದಾಟಿತು. ಆದರೂ ಕೆಲವು ಕಡೆ ಮೊದಲ ವಾರವೇ ನಕ್ಷೆಗೆ ಬಣ್ಣ ತುಂಬಿಸಲು ಕೂರಿಸುತ್ತಾರೆ. ಬೀದಿಗೆ ಕಳಿಸಿ ಮನೆಮನೆ ಸರ್ವೆ ಮಾಡಿಸುತ್ತಾರಾ, ಈ ಅಂಕಿ ಎಲ್ಲಿಂದ ತಂದೆ, ತಪ್ಪಾದರೆ ಪೆಟ್ಟು ಯಾರಿಗೆ ಅಂತ ಪರೀಕ್ಷಕರು ಕೇಳುತ್ತಾರಾ ತಿಳಿದುಕೊಳ್ಳಿ. ಅಂಕಿಅಂಶಗಳನ್ನು ನಕ್ಷೆಯ ಮೇಲೆ ಕೂರಿಸಿ ನೋಡುವ ಜಿಐಎಸ್ ಸಾಫ್ಟ್‌ವೇರ್ ಬಗ್ಗೆ ಅಷ್ಟು ಚಿಂತೆ ಬೇಡ, ಅದನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು.